ಏಳನೆಯ ಗಾಲಿ

ಚಿಂತಾಮಣಿಯಿಂದ ಚೇಳೂರಿನ ಕಡೆಗೆ ಹೊರಟರೆ ಸಿಗುವ ಮುರುಗಮಲ್ಲ ಎರಡು ಕಾರಣಕ್ಕೆ ಹೆಸರಾದ ಊರು. ಒಂದು, ಅಲ್ಲಿನ ಮುಕ್ತೇಶ್ವರ ಸ್ವಾಮಿಯ ದೇವಾಲಯ. ಇನ್ನೊಂದು, ಜಾತಿ ಮತದ ಹಂಗಿಲ್ಲದೆ ಜನ ನಡೆದುಕೊಳ್ಳುವ ಅಮ್ಮಾಜಾನ್ ಬಾವಾಜಾನ್ ದರ್ಗಾ. ಕರ್ನಾಟಕದ ಮೂಲೆಮೂಲೆಯಿಂದ, ಆಂಧ್ರ ತಮಿಳುನಾಡುಗಳಿಂದ ಇಲ್ಲಿಗೆ ಜನ ಬರುತ್ತಾರೆ. ಬಂದವರೆಲ್ಲ ಕೈ ಮುಗಿದು ಸಂಜೆಗೆ ಹಿಂದಿರುಗುವುದಿಲ್ಲ. ಹರಕೆ ಹೊತ್ತವರು, ಕಾಯಿಲೆಯವರನ್ನು ಕರೆತಂದವರು ಎರಡು ದಿನ, ನಾಲ್ಕು ದಿನ ಉಳಿಯುವುದುಂಟು. ಅವರ ವಾಹನದೊಳಗೆ ಒಮ್ಮೆ ಇಣುಕಿದರೆ ಸಾಕು. ಅಕ್ಕಿ ಮೂಟೆ, ಸ್ಟೌವು, ದೊಡ್ಡ ತಪ್ಪಲೆ, ಚಾಪೆ, ಹೊದಿಕೆ, ಸೀಟಿನಿಂದ ಸೀಟಿಗೆ ಕಟ್ಟಿದ ಸೀರೆಯ ತೊಟ್ಟಿಲು, ಎಲ್ಲವೂ ಅಲ್ಲಿರುತ್ತವೆ. ಹೊರದೇಶಗಳಲ್ಲಿ ಲಕ್ಷಾಂತರ ಬೆಲೆಯ ಮೋಟಾರ್ ಹೋಮ್ ಎಂಬ ಓಡುವ ಮನೆಗಳಿವೆಯಂತೆ. ಈ ಸೀಮೆಯಲ್ಲಿ ಆ ಹೆಸರಿಲ್ಲದಿದ್ದರೂ ಆ ಬದುಕು ಎಂದಿನಿಂದಲೂ ಇದೆ.

ಮಣ್ಣಿನ ಮೇಲೆ ಕೂತ ಮನೆಗೆ ಕಲ್ಲಿನ ಅಡಿಪಾಯವಿರುತ್ತದೆ. ರಸ್ತೆಯ ಮೇಲೆ ಓಡುವ ಮನೆಗೆ ಗಾಳಿಯೇ ಅಡಿಪಾಯ. ಇಪ್ಪತ್ತು ಜನರನ್ನೂ ಅವರ ಗಂಟುಮೂಟೆಯನ್ನೂ ರಬ್ಬರಿನೊಳಗೆ ತುಂಬಿದ ಗಾಳಿ ಹೊತ್ತು ನಡೆಯುತ್ತದೆ. ಈ ಅಡಿಪಾಯವನ್ನು ಯಾರು, ಯಾವಾಗ, ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ 2024ರ ಜೂನ್ ತಿಂಗಳಲ್ಲಿ ಆ ಭಾಗದ ಒಂದು ಮನೆಯಲ್ಲಿ ಎದ್ದಿತು. ಅದು ಟೈರಿನ ಪ್ರಶ್ನೆಯಾಗಿಯೇ ಉಳಿಯಲಿಲ್ಲ. ಮಗಳ ಕಾಲೇಜಿನ ಫೀಸಿನವರೆಗೂ ಬಂತು.

ಆ ಮನೆಯ ಯಜಮಾನರು ಹಳೆಯ ಟಾಟಾ 407 ಮಿನಿಬಸ್ಸೊಂದರ ಮಾಲೀಕರು. ಚಾಲಕರೂ ಅವರೇ. ಶಾಲೆಯೊಂದರ ಮಕ್ಕಳನ್ನು ಹೊತ್ತು ಹಳತಾಗಿದ್ದ ಆ ಬಸ್ಸನ್ನು ಕೊಂಡು, ಹಿಂಬದಿಯ ಸೀಟುಗಳನ್ನು ತೆಗೆಸಿ, ಮಲಗಲು ಎರಡು ಹಲಗೆ ಹಾಕಿಸಿದ್ದರು. ಛಾವಣಿಯ ಮೇಲೆ ನೀರಿನ ಡ್ರಮ್ಮು, ಬಾಗಿಲ ಪಕ್ಕ ಪಾತ್ರೆ ಇಡಲು ಒಂದು ಗೂಡು. ಮುರುಗಮಲ್ಲ, ಕೈವಾರ, ತಿರುಪತಿ, ಧರ್ಮಸ್ಥಳ, ನಾಗೂರು, ಹೀಗೆ ಹೇಳಿದ ಕಡೆಗೆ ಸಂಸಾರಗಳನ್ನು ಕರೆದೊಯ್ಯುವುದು ಅವರ ಕಸುಬು. ಮನೆಯಲ್ಲಿ ತೆಲುಗು, ಬಾಡಿಗೆ ಮಾತಾಡುವಾಗ ಕನ್ನಡ, ಪಂಕ್ಚರ್ ಅಂಗಡಿಯಲ್ಲಿ ಉರ್ದು. ಆ ಸೀಮೆಯ ಎಷ್ಟೋ ಚಾಲಕರಂತೆ ಅವರ ನಾಲಗೆಗೂ ಮೂರು ಭಾಷೆ ಒಗ್ಗಿಹೋಗಿತ್ತು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಒಬ್ಬಳೇ ಮಗಳು. ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಿದ್ದಳು.

407ಕ್ಕೆ ಮುಂದೆ ಎರಡು ಗಾಲಿ. ಹಿಂದೆ ಆಚೆಗೆರಡು ಈಚೆಗೆರಡು, ಜೋಡಿಜೋಡಿಯಾಗಿ ನಾಲ್ಕು. ಓಡುವುದು ಆರು. ಏಳನೆಯದು ಓಡುವುದಿಲ್ಲ, ಹಿಂದೆ ಚಾಸಿಗೆ ನೇತುಬಿದ್ದಿರುತ್ತದೆ. ಅದೇ ಸ್ಟೆಪ್ನಿ. ಈ ಮಾತು ನಮ್ಮ ಚಾಲಕರ ಬಾಯಲ್ಲಿ ಎಷ್ಟು ಹಳೆಯದೆಂದರೆ ಅದು ಕನ್ನಡದ್ದೇ ಎನ್ನುವಷ್ಟು. ಅದರ ಹುಟ್ಟೂರು ಮಾತ್ರ ಬಹುದೂರದ ವೇಲ್ಸ್. ಅಲ್ಲಿನ ಲನೆಲ್ಲಿ ಎಂಬ ಪಟ್ಟಣದಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿಯಿದೆ. ಮೊದಮೊದಲ ಮೋಟಾರು ಕಾರುಗಳಿಗೆ ಹೆಚ್ಚಿನ ಗಾಲಿಯನ್ನೇ ಕೊಡುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಆ ಬೀದಿಯ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರಿರುವ, ಕಡ್ಡಿಗಳಿಲ್ಲದ ಒಂದು ಚಕ್ರವನ್ನು ತಯಾರಿಸಿದರು. ಕೆಟ್ಟ ಗಾಲಿಗೆ ಅದನ್ನು ಬಿಗಿದು ಪಯಣ ಮುಂದುವರಿಸಬಹುದಿತ್ತು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಬೀದಿಯ ಹೆಸರು ಮಾತ್ರ ಭಾರತದ ಲಾರಿಗಳ ಕೆಳಗೆ ಇಂದಿಗೂ ನೇತಾಡುತ್ತಿದೆ. ಬ್ರೆಜಿಲಿನವರೂ ಹೆಚ್ಚಿನ ಗಾಲಿಗೆ ‘ಎಸ್ಟೆಪೆ’ ಎನ್ನುತ್ತಾರೆ.

ಆ ಜೂನಿನಲ್ಲಿ ನಾಗೂರಿಗೆ ಒಂದು ಬಾಡಿಗೆ ಗೊತ್ತಾಗಿತ್ತು. ಮುರುಗಮಲ್ಲದಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಂದ ಹೊರಟು ಬಂಗಾಳ ಕೊಲ್ಲಿಯ ತೀರದ ನಾಗೂರು ದರ್ಗಾಕ್ಕೆ ಹೋಗಿ ಬರುವುದು. ಮುದುಕರು, ಮಕ್ಕಳು ಸೇರಿ ಇಪ್ಪತ್ತೆರಡು ಮಂದಿ. ಹೊರಡುವ ಮುಂಚೆ ಪಂಕ್ಚರ್ ಅಂಗಡಿಯ ಭಾಯಿ ಗಾಲಿಗಳನ್ನು ಬಿಚ್ಚಿ ನೋಡಿ, ಹಿಂದಿನ ಎರಡು ಟೈರು ಇನ್ನು ಆಗದು ಎಂದುಬಿಟ್ಟರು. ಎಡಬದಿಯ ಒಳಗಿನದರ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಬ್ಬಿ ಎದ್ದಿತ್ತು. ಬಲಬದಿಯ ಹೊರಗಿನದರ ಬಟನ್ ಸವೆದು ಗುರುತಿನ ಕಟ್ಟೆಗೆ ಸಮವಾಗಿತ್ತು. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಚಿಕ್ಕ ದಿಬ್ಬದಂಥ ಗುರುತುಗಳಿರುತ್ತವೆ. ಗೀರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಉಳಿದ ಆಳ 1.6 ಮಿಲಿಮೀಟರ್ ಮಾತ್ರ ಎಂದು ಅರ್ಥ. ಅದಕ್ಕಿಂತ ಸವೆದ ಟೈರಿನಲ್ಲಿ ಕಾರು, ಬಸ್ಸು, ಲಾರಿಗಳನ್ನು ಓಡಿಸಲು ಕೇಂದ್ರ ಮೋಟಾರು ವಾಹನ ನಿಯಮಗಳೂ ಒಪ್ಪುವುದಿಲ್ಲ.

ಹೊಸ ಟೈರು, ಟ್ಯೂಬು, ಫ್ಲಾಪು ಸೇರಿದರೆ ಒಂದಕ್ಕೆ ಹತ್ತು ಸಾವಿರದ ಆಸುಪಾಸು. ಎರಡಕ್ಕೆ ಇಪ್ಪತ್ತು. ಅದೇ ವಾರ ಮಗಳ ಕಾಲೇಜಿಗೆ ಫೀಸು ಕಟ್ಟಬೇಕಿತ್ತು. ಯಜಮಾನರು ರಾತ್ರಿಯೆಲ್ಲ ಲೆಕ್ಕ ಹಾಕಿ ಬೆಳಿಗ್ಗೆ ಒಂದು ದಾರಿ ಹೇಳಿದರು. ಒಂದೇ ಹೊಸ ಟೈರು ತರುವುದು. ಇನ್ನೊಂದರ ಜಾಗಕ್ಕೆ ಸ್ಟೆಪ್ನಿಯನ್ನು ಇಳಿಸುವುದು. ಬಸ್ಸು ಕೊಂಡಾಗ ಜೊತೆಗೆ ಬಂದ ಆ ಸ್ಟೆಪ್ನಿ ಒಮ್ಮೆಯೂ ಓಡಿರಲಿಲ್ಲ. ಬಟನ್ ಎಲ್ಲ ಹಾಗೇ ಇತ್ತು. ಸವೆದ ಟೈರು ಸ್ಟೆಪ್ನಿಯಾಗಿ ಮೇಲಕ್ಕೆ ಹೋಗಲಿ, ಹೇಗೂ ಅದು ನೇತಾಡುವುದಕ್ಕೇ ಇರುವುದು. ಉಳಿದ ಹತ್ತು ಸಾವಿರ ಫೀಸಿಗೆ ಆಗುತ್ತದೆ.

ಮನೆ ನಡೆಸುವ ಯಾರಿಗಾದರೂ ಸರಿ ಎನಿಸುವ ಲೆಕ್ಕವೇ ಇದು. ಮಗಳ ಓದಿಗಾಗಿ ಮಾಡಿದ ಲೆಕ್ಕ ಬೇರೆ. ಅದನ್ನು ತಪ್ಪೆಂದು ಹೇಳುವುದು ಹೇಗೆ? ಆ ಕೆಲಸ ಮಗಳಿಗೇ ಬಂತು.

ಅಂಗಡಿಯ ಮುಂದೆ ಸ್ಟೆಪ್ನಿಯನ್ನು ಇಳಿಸಿ ಒರಗಿಸಿದಾಗ ಹುಡುಗಿ ಅದರ ಪಕ್ಕದ ಬರಹವನ್ನು ಓದತೊಡಗಿದಳು. ಟೈರಿನ ಪಕ್ಕವೆಂದರೆ ಒಂದು ಪುಟದಷ್ಟು ಬರಹ. ಅಳತೆ 7.50–16, ಅಂದರೆ ಅಗಲ ಏಳೂವರೆ ಅಂಗುಲ, ರಿಮ್ಮಿನ ವ್ಯಾಸ ಹದಿನಾರು ಅಂಗುಲ. ಎಷ್ಟು ಭಾರ ಹೊರಬಲ್ಲದು, ಎಷ್ಟು ಗಾಳಿ ಹಿಡಿಯಬೇಕು ಎಂಬುದೂ ಅಲ್ಲೇ ಇರುತ್ತದೆ. ಕೊನೆಯಲ್ಲಿ ಒಂದು ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ: 1411.

“ಭಾಯಿ, ಇದೇನು ನಂಬರು?” ಎಂದು ಕೇಳಿದಳು.

“ಹುಟ್ಟಿದ ತಾರೀಕು ಮಗಳೇ. ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ.”

2011ನೇ ಇಸವಿಯ ಹದಿನಾಲ್ಕನೆಯ ವಾರ. ಏಪ್ರಿಲ್ ತಿಂಗಳು. ಹೊಸದೆಂದು ಜೋಪಾನ ಮಾಡಿದ ಟೈರಿಗೆ ಹದಿಮೂರು ವರ್ಷ ತುಂಬಿತ್ತು. ಅವಳಿಗಿಂತ ಮೂರೇ ವರ್ಷ ಚಿಕ್ಕದು!

“ಓಡೇ ಇಲ್ಲ ಕಣಮ್ಮಾ, ಹೊಸಾದೇ ಅದು” ಎಂದರು ಯಜಮಾನರು.

ಭಾಯಿ ಮಾತಾಡಲಿಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಿ, ಅದರ ಪಕ್ಕವನ್ನು ಮೊಣಕಾಲಿನಿಂದ ಒತ್ತಿ ಬಗ್ಗಿಸಿದರು. ನಯವಾಗಿ ಕಂಡಿದ್ದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ತೆರೆದುಕೊಂಡವು, ಬೇಸಿಗೆಯ ಕೆರೆಯ ಅಂಗಳದ ಹಾಗೆ.

ಓಡದ ಟೈರು ಸವೆಯುವುದಿಲ್ಲ, ನಿಜ. ಆದರೆ ಮುಪ್ಪಾಗುತ್ತದೆ. ಅಂಟಂಟಾದ ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಹೌದು, ಎಳೆದರೆ ಹಿಗ್ಗುವಂಥದ್ದೂ ಹೌದು ಎಂಬುದನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡರು. ರಬ್ಬರಿನ ಉದ್ದುದ್ದ ಎಳೆಗಳನ್ನು ಗಂಧಕ ಅಲ್ಲಲ್ಲಿ ಸೇತುವೆಯಂತೆ ಬೆಸೆಯುತ್ತದೆ. ಗಾಳಿಯ ಆಮ್ಲಜನಕ, ಓಜೋನು, ಬಿಸಿಲು, ಕಾವು ಇವು ವರ್ಷಗಟ್ಟಲೆ ಆ ಹೆಣಿಗೆಯನ್ನು ಕೆಡಿಸುತ್ತ ಹೋಗುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿನೊಳಗೆ ಮೇಣದಂಥ ವಸ್ತುಗಳನ್ನು ಸೇರಿಸಿರುತ್ತಾರೆ. ಟೈರು ಉರುಳಿ ಬಗ್ಗಿ ಏಳುತ್ತಿದ್ದರೆ ಆ ಮೇಣ ಮೇಲ್ಮೈಗೆ ಬಂದು ಕಾಪಾಡುತ್ತದೆ. ನಿಂತಲ್ಲೇ ನಿಂತ ವಾಹನದ ಟೈರಿಗೂ ನೇತುಬಿದ್ದ ಸ್ಟೆಪ್ನಿಗೂ ಆ ಭಾಗ್ಯ ಕಡಿಮೆ. ವರ್ಷದ ಹೆಚ್ಚು ದಿನ ನಿಂತೇ ಇರುವ ಮೋಟಾರ್ ಹೋಮುಗಳಲ್ಲಿ ಬಟನ್ ಮುಗಿಯುವುದಕ್ಕೆ ಮೊದಲೇ ಆಯುಸ್ಸು ಮುಗಿಯುವ ಟೈರುಗಳೇ ಹೆಚ್ಚು. ಆದ್ದರಿಂದಲೇ ಹಲವು ಟೈರು ಕಂಪನಿಗಳು ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಿ, ನೋಡಲು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷಕ್ಕೆ ಬದಲಿಸಿ, ಸ್ಟೆಪ್ನಿಗೂ ಇದೇ ಮಾತು ಎನ್ನುತ್ತವೆ.

ಹಾಗಾದರೆ ಸ್ಟೆಪ್ನಿ ಹೋಯಿತು. ಎರಡು ಹೊಸ ಟೈರು ತಂದು, ಕೆಟ್ಟ ಎರಡರ ಜಾಗಕ್ಕೆ ಹಾಕಿಬಿಟ್ಟರೆ? ಇಲ್ಲಿ ಎರಡನೆಯ ತೊಡಕು ಎದುರಾಯಿತು. ಜೋಡಿ ಗಾಲಿಗಳು ಒಂದೇ ಅಚ್ಚಿಗೆ ಬಿಗಿದ ಎತ್ತುಗಳಿದ್ದ ಹಾಗೆ. ಒಂದು ಎತ್ತರ, ಒಂದು ಗಿಡ್ಡ ಇದ್ದರೆ ನೊಗ ಸಮವಾಗಿ ಕೂರುತ್ತದೆಯೇ? ಭಾಯಿ ಇದನ್ನು ಅನುಭವದಿಂದ ಹೇಳಿದರು. ಹುಡುಗಿ ಲೆಕ್ಕ ಮಾಡಿ ನೋಡಿದಳು. ತಾಯಿಯ ಹೊಲಿಗೆ ಟೇಪು ತಂದು, ಒಂದೊಂದು ಟೈರಿನ ಸುತ್ತ ದಾರ ಹಾಯಿಸಿ ಅಳೆದು ಸೀಮೆಸುಣ್ಣದಲ್ಲಿ ಬರೆದಳು. ಅಂಗಡಿಯ ಹೊಸ ಟೈರಿನ ಸುತ್ತಳತೆ 2 ಮೀಟರ್ 53 ಸೆಂಟಿಮೀಟರ್. ಹಿಂದೆ ಉಳಿದುಕೊಂಡಿದ್ದ ಎರಡು ಟೈರುಗಳದು 2 ಮೀಟರ್ 50. ವ್ಯತ್ಯಾಸ ಬರೀ ಮೂರು ಸೆಂಟಿಮೀಟರ್, ಎರಡು ಬೆರಳಿನಗಲಕ್ಕೆ ಸಮ.

ಆದರೆ ಎರಡೂವರೆ ಮೀಟರಿಗೆ ಒಂದು ಸುತ್ತೆಂದರೆ ಒಂದು ಕಿಲೋಮೀಟರಿಗೆ 400 ಸುತ್ತು. ಸುತ್ತಿಗೆ 3 ಸೆಂಟಿಮೀಟರಿನಂತೆ 400 ಸುತ್ತಿಗೆ 1,200 ಸೆಂಟಿಮೀಟರ್, ಅಂದರೆ 12 ಮೀಟರ್. ಎರಡೂ ಗಾಲಿ ಒಂದಕ್ಕೊಂದು ಬಿಗಿದಿರುವುದರಿಂದ ಒಂದು ಮುಂದೆ ಹೋಗಿ ಒಂದು ಹಿಂದೆ ಉಳಿಯುವಂತಿಲ್ಲ. ಆ 12 ಮೀಟರನ್ನು ಯಾವುದಾದರೊಂದು ಟೈರು ರಸ್ತೆಗೆ ಉಜ್ಜಿಕೊಂಡೇ ತೀರಿಸಬೇಕು. ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರಿಗೂ ಮಿಕ್ಕ ಉಜ್ಜಾಟ! ಭಾರ ಬಿದ್ದಾಗ ದೊಡ್ಡ ಟೈರು ಬಗ್ಗಿ ಈ ಅಂತರವನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ಆದರೆ ಹಾಗೆ ಬಗ್ಗುವುದೆಂದರೆ ಜೊತೆಯದರ ಭಾರವನ್ನೂ ತಾನೇ ಹೊರುವುದು. ಹೊತ್ತದ್ದು ಕಾಯುತ್ತದೆ. ಕಾದ ಟೈರು ಒಡೆಯುತ್ತದೆ. ಇಷ್ಟು ಚಿಕ್ಕ ಟೈರುಗಳ ಜೋಡಿಯಲ್ಲಿ ಸುತ್ತಳತೆಯ ವ್ಯತ್ಯಾಸ ಎರಡು ಸೆಂಟಿಮೀಟರಿನೊಳಗೆ ಇರಬೇಕು, ದೊಡ್ಡದು ಹೊರಕ್ಕೆ, ಚಿಕ್ಕದು ಒಳಕ್ಕೆ ಇರಬೇಕು ಎಂಬುದು ಈ ಕಸುಬಿನ ರೂಢಿ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಒಳಗಿನ ಗಾಲಿಯ ಮೇಲೆ ಭಾರ ಹೆಚ್ಚು ಬೀಳುತ್ತದೆ. ದೊಡ್ಡದು ಹೊರಗಿದ್ದರೆ ಹೊರೆ ಹಂಚಿಹೋಗುತ್ತದೆ.

ಮುಂದಿನ ಎರಡು ಟೈರುಗಳನ್ನು ಅಳೆದಾಗ ತೊಡಕು ತಾನಾಗಿ ಬಿಡಿಸಿಕೊಂಡಿತು. ಅವು ತಲಾ 2 ಮೀಟರ್ 51. ಅವನ್ನು ಹಿಂದಕ್ಕೆ ಹಾಕಿ, ಎಡಬದಿಗೊಂದು ಬಲಬದಿಗೊಂದು ಹೊರಗಡೆ ಕೂರಿಸಿದರೆ ಒಳಗಿನ 2 ಮೀಟರ್ 50ರ ಜೊತೆ ಒಂದೇ ಸೆಂಟಿಮೀಟರ್ ಅಂತರ. ಹೊಸ ಜೋಡಿ ಮುಂದಕ್ಕೆ. ಮುಂದಿನ ಟೈರು ಒಡೆದರೆ ಸ್ಟಿಯರಿಂಗ್ ಕೈ ತಪ್ಪುವ ಅಪಾಯ ಹೆಚ್ಚಾದ್ದರಿಂದ, ಇರುವುದರಲ್ಲಿ ಉತ್ತಮವಾದ ಜೋಡಿಯನ್ನು ಅಲ್ಲಿಗೆ ಕೊಡುವುದು ಲಾರಿ ಬಸ್ಸಿನವರ ಹಳೆಯ ವಾಡಿಕೆ. ಅದೇ ಕಾರಣಕ್ಕೆ ಹಳೆಯ ಟೈರಿಗೆ ಹೊಸ ಬಟನ್ ಕೂರಿಸಿದ ರೀಟ್ರೇಡ್ ಟೈರನ್ನು ತಿಳಿದ ಚಾಲಕರು ಮುಂದಕ್ಕೆ ಹಾಕುವುದಿಲ್ಲ. ಒಂದೇ ಅಚ್ಚಿನಲ್ಲಿ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಟೈರು ಹಾಕುವುದೂ ಕೂಡದು. ಒಳಗಿನ ದಾರಗಳ ನೇಯ್ಗೆಯೇ ಬೇರೆಯಾದ್ದರಿಂದ ತಿರುವಿನಲ್ಲಿ ಎರಡೂ ಬೇರೆಬೇರೆ ರೀತಿಯಲ್ಲಿ ಬಾಗುತ್ತವೆ.

ಆರು ಗಾಲಿಗಳ ಲೆಕ್ಕ ಮುಗಿಯಿತು. ಏಳನೆಯದು? ಸವೆದು ಹೋದದ್ದನ್ನೇ ಸ್ಟೆಪ್ನಿ ಮಾಡೋಣ ಎಂಬ ಮೊದಲಿನ ಯೋಚನೆ ಇನ್ನೂ ಯಜಮಾನರ ಮನಸ್ಸಿನಲ್ಲಿತ್ತು. ನೇತಾಡುವುದಕ್ಕೆ ಯಾವುದಾದರೇನು ಎಂಬುದು ಎಷ್ಟೋ ಮಾಲೀಕರ ಮಾತು. ಆದರೆ ಸ್ಟೆಪ್ನಿ ಇಳಿಯುವ ಗಳಿಗೆ ಎಂಥದ್ದು? ಕತ್ತಲು, ಪರಊರು, ತುಂಬಿದ ಬಸ್ಸು, ಮಳೆಯೂ ಇರಬಹುದು. ಉಳಿದ ಆರೂ ಗಾಲಿಗಳಿಗಿಂತ ಅದು ಹೆಚ್ಚು ನಂಬಿಕೆಗೆ ಪಾತ್ರವಾಗಿರಬೇಕು. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ತೇಪೆ ಹಾಕುವ ಸಲಕರಣೆ ಹಾಗೂ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಹೆಚ್ಚಿನ ಗಾಲಿ ಕಡ್ಡಾಯವಲ್ಲ ಎಂದಿತು. ಆ ವಿನಾಯಿತಿ ಕಾರುಗಳಂಥವಕ್ಕೆ. ಟ್ಯೂಬಿರುವ ಟೈರಿನ ಹಳೆಯ ಮಿನಿಬಸ್ಸಿಗೆ ಅದು ಸಲ್ಲುವುದಿಲ್ಲ.

ಭಾಯಿ ತಮಗೆ ಗೊತ್ತಿದ್ದ ಲಾರಿಯವರೊಬ್ಬರಿಂದ ಅದೇ ಅಳತೆಯ, 2022ರಲ್ಲಿ ತಯಾರಾದ ನೈಲಾನ್ ಟೈರೊಂದನ್ನು ಅರ್ಧ ಬೆಲೆಗೆ ಕೊಡಿಸಿದರು. ಸುತ್ತಳತೆ 2 ಮೀಟರ್ 51. ಹಿಂದಿನ ಯಾವ ಜಾಗಕ್ಕಾದರೂ ಜೋಡಿಯಾಗುತ್ತದೆ. ಮುಂದೆ ಬೇಕಾಗಿ ಬಂದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಬಹುದು. ಹೀಗೆ ಹತ್ತು ಸಾವಿರದಲ್ಲಿ ಮುಗಿಸಬೇಕೆಂದಿದ್ದ ಖರ್ಚು ಇಪ್ಪತ್ತೈದರ ಹತ್ತಿರ ಬಂತು.

ಆ ರಾತ್ರಿ ಮನೆಯಲ್ಲಿ ಮಾತು ಕಡಿಮೆ. “ನಿನ್ನ ಫೀಸಿಗೆ ಅಂತಾನೇ ಒಂದು ಟೈರು ಉಳಿಸೋಣ ಅಂದ್ಕೊಂಡಿದ್ದೆ” ಎಂದರು ತಂದೆ. “ಅದೇ ಬಸ್ಸಲ್ಲಿ ಮಕ್ಕಳೂ ಇರ್ತಾರಲ್ಲ ಅಪ್ಪಾ” ಎಂದಳು ಮಗಳು. ಅದಕ್ಕಿಂತ ಹೆಚ್ಚು ಚರ್ಚೆ ನಡೆಯಲಿಲ್ಲ. ಮರುದಿನ ತಂದೆ ಮಗಳು ಕಾಲೇಜಿಗೆ ಹೋಗಿ ಕೇಳಿಕೊಂಡಾಗ, ಅರ್ಧ ಫೀಸು ಈಗ, ಅರ್ಧ ದಸರೆಯ ಹೊತ್ತಿಗೆ ಕಟ್ಟಲು ಒಪ್ಪಿದರು. ಈಗಿನ ಅರ್ಧಕ್ಕಾಗಿ ತಾಯಿ ತಮ್ಮ ಚೀಟಿಯನ್ನು ಅವಧಿಗೆ ಮುಂಚೆಯೇ ಕೂಗಿ, ಕಸರು ಬಿಟ್ಟುಕೊಟ್ಟು ಎತ್ತಿದರು. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಬೇಕೆಂದು ಕಟ್ಟುತ್ತಿದ್ದ ಚೀಟಿ ಅದು. ಆ ವರ್ಷವೆಲ್ಲ ಅವರು ಕಾಲಲ್ಲೇ ತುಳಿದು ಹೊಲಿದರು. ಸುರಕ್ಷತೆಯ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕಲ್ಲ. ಅವರ ಹೆಸರು ಯಾವ ಬಿಲ್ಲಿನಲ್ಲೂ ಇರುವುದಿಲ್ಲ.

ಬಸ್ಸು ಮುರುಗಮಲ್ಲಕ್ಕೆ ಹೋಗಿ, ಅಲ್ಲಿಂದ ನಾಗೂರಿಗೆ ಹೊರಟಿತು. ಹೊರಡುವ ಮುಂಚೆ ಛಾವಣಿಯ ಡ್ರಮ್ಮನ್ನು ಅರ್ಧ ಖಾಲಿ ಮಾಡಿದ್ದರು. ಒಂದು ಲೀಟರ್ ನೀರು ಒಂದು ಕಿಲೋ ಎಂಬುದನ್ನು ಏಳನೆಯ ತರಗತಿಯ ಮಕ್ಕಳೂ ಬಲ್ಲರು. ಆದರೂ ಇನ್ನೂರು ಲೀಟರಿನ ಡ್ರಮ್ಮೆಂದರೆ ಮೂರು ನಾಲ್ಕು ಜನರ ಭಾರ ಎಂದು ಯಾರೂ ಎಣಿಸುವುದಿಲ್ಲ. ಗಾಳಿಯನ್ನು ಬೆಳಗಿನ ತಣ್ಣನೆಯ ಹೊತ್ತಿನಲ್ಲಿ, ಗಾಡಿ ಓಡುವ ಮುಂಚೆಯೇ ಅಳೆಸಿದ್ದರು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಅಳೆದು ಜಾಸ್ತಿಯಾಯಿತೆಂದು ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ಅಂದು ಮೊದಲ ಸಲ ನೋಡಿಸಿದ್ದರು. ಜಾಕಿ, ವ್ಹೀಲ್ ಸ್ಪ್ಯಾನರು, ಗಾಲಿಗೆ ಒಡ್ಡುವ ಎರಡು ಮರದ ತುಂಡು ಸೀಟಿನ ಕೆಳಗೆ ಕೈಗೆ ಸಿಗುವಂತಿದ್ದವು. ಗಾಲಿ ಬದಲಿಸಿದ ಮೇಲೆ ಒಂದಿಷ್ಟು ದೂರ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂಬ ಭಾಯಿಯ ಮಾತಿನಂತೆ ಮುರುಗಮಲ್ಲದಲ್ಲೇ ಆ ಕೆಲಸವೂ ಆಯಿತು.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ಯಜಮಾನರು ಸ್ಪ್ಯಾನರಿನಿಂದ ಆರೂ ಟೈರುಗಳನ್ನು ತಟ್ಟಿ ನೋಡುತ್ತಿದ್ದರು. ಜೋಡಿಯ ಒಳಗಾಲಿಯ ಗಾಳಿ ಇಳಿದರೆ ಕಣ್ಣಿಗೆ ಕಾಣದು. ಹೊರಗಿನದು ಅದನ್ನು ಎತ್ತಿ ಹಿಡಿದಿರುತ್ತದೆ. ಕಿವಿಗೆ ಮಾತ್ರ ತಿಳಿಯುತ್ತದೆ. ಗಾಳಿ ತುಂಬಿದ್ದರೆ ಗಟ್ಟಿ ಸದ್ದು, ಸ್ಪ್ಯಾನರು ಪುಟಿಯುತ್ತದೆ. ಇಳಿದಿದ್ದರೆ ಬೋದು ಸದ್ದು. ತಮಿಳುನಾಡಿನ ಹೆದ್ದಾರಿಯ ಒಂದು ಹೋಟೆಲಿನ ಮುಂದೆ ಬಲಬದಿಯ ಒಳಗಾಲಿ ಬೋದು ಸದ್ದು ಕೊಟ್ಟಿತು. ನೋಡಿದರೆ ವಾಲ್ವಿನ ಪಿನ್ನು ಸಡಿಲವಾಗಿತ್ತು. ಬಿಗಿದು, ಪಕ್ಕದ ಅಂಗಡಿಯಲ್ಲಿ ಗಾಳಿ ಹಿಡಿಸಿ, ಕಾಲು ಗಂಟೆಯಲ್ಲಿ ಹೊರಟರು. ಪ್ರಯಾಣಿಕರಲ್ಲಿ ಅರ್ಧ ಮಂದಿಗೆ ಅದು ಗೊತ್ತೇ ಆಗಲಿಲ್ಲ.

ನಾಗೂರಿನಿಂದ ಬಸ್ಸು ಸುಖವಾಗಿ ಹಿಂದಿರುಗಿತು. ಏಳನೆಯ ಗಾಲಿ ಇಳಿಯಲೇ ಇಲ್ಲ. ಐದು ಸಾವಿರ ಸುಮ್ಮನೆ ತೂಗಾಡಿಕೊಂಡು ಹೋಗಿ ಬಂತು ಎಂದು ತಾಯಿ ನಗಾಡಿದರು. ಆ ನಗುವಿನಲ್ಲಿ ತುಸು ನೋವೂ ಇದ್ದಿರಬೇಕು. ಬೇಕಾಗದೆ ಉಳಿದದ್ದು ವ್ಯರ್ಥವೇ? ದಸರೆಯ ಹೊತ್ತಿಗೆ ಉಳಿದ ಅರ್ಧ ಫೀಸನ್ನು ಕಟ್ಟಿದ್ದು ಅದೇ ಬಸ್ಸಿನ ಬಾಡಿಗೆಯಿಂದ. ನಾಗೂರಿಗೆ ಹೋದ ಸಂಸಾರದವರು ತಮ್ಮ ನೆಂಟರಿಷ್ಟರಿಗೆ ಈ ಗಾಡಿಯ ಗುರುತು ಹೇಳಿದ್ದರಿಂದ ಬಂದ ಬಾಡಿಗೆಗಳವು.

ಈಗ ಆ ಬಸ್ಸಿನೊಳಗೆ, ಚಾಲಕರ ತಲೆಯ ಮೇಲಿನ ದೇವರ ಪಟದ ಪಕ್ಕ, ನೋಟ್ ಬುಕ್ಕಿನ ಒಂದು ಹಾಳೆ ಅಂಟಿಸಿದೆ. ಏಳೂ ಗಾಲಿಗಳ ಹುಟ್ಟಿದ ವಾರ, ವರ್ಷ, ಸುತ್ತಳತೆ, ಕೂತಿರುವ ಜಾಗ ಹುಡುಗಿಯ ದುಂಡು ಅಕ್ಷರದಲ್ಲಿವೆ. ಮುರುಗಮಲ್ಲದಲ್ಲಿ ಬಸ್ಸು ದಿನಗಟ್ಟಲೆ ನಿಲ್ಲುವಾಗ ಬಿಸಿಲು ಬೀಳುವ ಬದಿಯ ಟೈರುಗಳಿಗೆ ಗೋಣಿಚೀಲ ಮುಚ್ಚುತ್ತಾರೆ. ಇದನ್ನು ಕಂಡ ಬೇರೆ ಚಾಲಕರೂ ತಮ್ಮ ಸ್ಟೆಪ್ನಿಯ ಕೆಸರು ಒರೆಸಿ ನಾಲ್ಕು ಅಂಕಿ ಹುಡುಕಿದ್ದುಂಟು.

ಆ ನಾಲ್ಕು ಅಂಕಿ ಬಸ್ಸು ಲಾರಿಗಳಿಗೆ ಮಾತ್ರ ಮೀಸಲಲ್ಲ. ಮನೆಯ ಕಾರಿನಲ್ಲಿ, ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರಿನಲ್ಲಿ, ಶಾಲೆಯ ವ್ಯಾನಿನಲ್ಲಿಯೂ ಇವೆ. ಓದಲು ಕನ್ನಡಕವೂ ಬೇಡ, ಕಾಸೂ ಬೇಡ, ಒಂದು ಒದ್ದೆ ಬಟ್ಟೆ ಸಾಕು. ಮಕ್ಕಳು ಓದಿ ಹೇಳಿದಾಗ ‘ನಿನಗೇನು ಗೊತ್ತು’ ಎನ್ನದೆ ಹಿರಿಯರು ಒಂದು ಗಳಿಗೆ ಬಗ್ಗಿ ನೋಡಿದರಾಯಿತು.